ಗೋಡೆ ನೋಡಿಕೊಂಡು ಬರುವವರು

"ಅಲ್ಲಮ್ಮಾ, ಆಟೋಗೆ ದುಡ್ಡು ಕೊಟ್ಟು ಹೋಗಿ, ಟಿಕೆಟ್ ತೊಗೊಂಡು ಒಳಗೆ ಸೇರಿ, ಗೋಡೆ ನೋಡ್ಕೊಂಡು ವಾಪಸ್ ಬರ್ತೀಯಲ್ಲ, ಅದರ ಮೇಲೆ ಬರೆಯೋಕೆ ಅಂಥಾದ್ದೇನಿರುತ್ತೆ?"

ಪ್ರಶ್ನೆ ಪಕ್ಕದ ಮನೆ ರಾಯರದು. ಕೆಇಬಿಯಲ್ಲಿದ್ದು ನಿವೃತ್ತರಾದವರು. ಕೆಇಬಿ ಹೋಗಿ ಬೆಸ್ಕಾಂ ಬಂದು ಕಾಲವಾಯಿತು, ರಾಯರ ಬಾಯಲ್ಲಿ ಮಾತ್ರ ಅದು ಈಗಲೂ ಕೆಇಬಿಯೇ. ನಮ್ಮ ಮನೆಗೂ ಅವರ ಮನೆಗೂ ನಡುವಿನ ಕಾಂಪೌಂಡು ಎದೆಮಟ್ಟದ್ದು, ಮೊಣಕೈ ಊರಿ ನಿಲ್ಲುವುದಕ್ಕೆಂದೇ ಕಟ್ಟಿಸಿದ ಹಾಗಿದೆ. ನಾನು ಆಗೀಗ ಚಿತ್ರಕಲಾ ಪ್ರದರ್ಶನಗಳ ಬಗ್ಗೆ ಪತ್ರಿಕೆಗೆ ಬರೆಯುವವಳು. ಬರೆದದ್ದನ್ನು ರಾಯರು ತಪ್ಪದೆ ಓದುತ್ತಾರೆ, ಓದಿದ ಮೇಲೆ ತಪ್ಪದೆ ಕಾಂಪೌಂಡಿಗೆ ಬರುತ್ತಾರೆ.

ಅವತ್ತು ಅವರ ಕೈಯಲ್ಲಿದ್ದದ್ದು ನಾನೇ ಓದಿ ದಾಟಿಸಿದ್ದ ಒಂದು ಕ್ಯಾಟಲಾಗು. ನುಣುಪು ಕಾಗದ, ದಪ್ಪ ರಟ್ಟು. "ಇಲ್ಲಿ ನೋಡು, ‘ಕಲಾವಿದನ ಅಂತರಂಗದ ತುಮುಲಗಳು ಅನಂತದ ಜೊತೆ ಮೌನ ಸಂವಾದಕ್ಕಿಳಿಯುತ್ತವೆ’ ಅಂತಿದೆ. ಪಕ್ಕದಲ್ಲಿರೋ ಚಿತ್ರದಲ್ಲಿ ಒಂದು ಮೇಕೆ ಇದೆ, ಒಂದು ಸೈಕಲ್ ಇದೆ. ಇದರಲ್ಲಿ ಅನಂತ ಯಾವುದು, ಮೇಕೆಯೋ ಸೈಕಲ್ಲೋ?"

ಅವರ ಹಿಂದಿನಿಂದ ಅಕ್ಕ, ಅಂದರೆ ರಾಯರ ಮನೆಯವರು, ಬಟ್ಟೆ ಹರವುತ್ತಾ ಅಂದರು: "ಮೇಕೆ ಸೈಕಲ್ ಸೀಟು ತಿಂತಿದೆ ಕಣ್ರೀ. ಅದನ್ನೇ ಬರೆದಿಲ್ಲವಲ್ಲ ಇವರು."

ಈ ಅಕ್ಕ ಯಾವ ಆರ್ಟ್ ಸ್ಕೂಲಿನ ಮೆಟ್ಟಿಲೂ ಹತ್ತಿದವರಲ್ಲ. ಆದರೆ ಆ ಕ್ಯಾಟಲಾಗಿನ ಅಷ್ಟು ಪುಟದಲ್ಲಿ ಇರದ ಒಂದು ವಿಷಯ ಅವರ ಒಂದು ಮಾತಿನಲ್ಲಿತ್ತು: ಚಿತ್ರದಲ್ಲಿ ಏನು ನಡೆಯುತ್ತಿದೆ ಅನ್ನುವುದು. ನಮ್ಮ ಪ್ರದರ್ಶನ ವಿಮರ್ಶೆಗಳಲ್ಲಿ ಕಾಣೆಯಾಗಿರುವುದು ಇದೇ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಎಲ್ಲ ಹೇಳುತ್ತೇವೆ, ನೋಡಿದ್ದೇನು ಅಂತ ಮಾತ್ರ ಹೇಳುವುದಿಲ್ಲ.

ಅದಕ್ಕೆ ಕಾರಣ ಉದ್ಘಾಟನೆಯ ದಿನವೇ ಶುರುವಾಗುತ್ತದೆ ನೋಡಿ. ದೀಪ ಹಚ್ಚಬೇಕು, ಫ್ಯಾನು ತಿರುಗುತ್ತಿದೆ, ಮೇಣದ ಬತ್ತಿ ಆರುತ್ತದೆ, "ಫ್ಯಾನ್ ಆಫ್ ಮಾಡ್ರೋ" ಅಂತ ಯಾರೋ ಕೂಗುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ಇಂದಿನ ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಮಾತಾಡುತ್ತಾರೆ. ಅಷ್ಟು ಹೊತ್ತೂ ಸಭಿಕರೆಲ್ಲ ಚಿತ್ರಗಳಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ಆಮೇಲೆ ಗ್ರೂಪ್ ಫೋಟೋ, ಬೋಂಡ, ಟೀ. ಬಾಗಿಲ ಬಳಿ ಮೇಜಿನ ಮೇಲೆ ಅಭಿಪ್ರಾಯದ ಪುಸ್ತಕ, ದಾರ ಕಟ್ಟಿದ ಪೆನ್ನು. ಅದರಲ್ಲಿ ಪುಟ ತಿರುವಿದಷ್ಟೂ ಒಂದೇ ರಾಗ: ತುಂಬಾ ಚೆನ್ನಾಗಿದೆ, ಶುಭವಾಗಲಿ, ಇನ್ನೂ ಎತ್ತರಕ್ಕೆ ಬೆಳೆಯಿರಿ. ಮರುದಿನದ ಪತ್ರಿಕೆಯಲ್ಲಿ ಕಲಾಕೃತಿಗಳು ನೋಡುಗರ ಮನಸೂರೆಗೊಂಡಿರುತ್ತವೆ. ಯಾವ ಕಲಾಕೃತಿ, ಯಾವ ನೋಡುಗ, ಸೂರೆ ಹೋದದ್ದೇನು, ಒಂದೂ ಇಲ್ಲ. ಛತ್ರದಲ್ಲಿ ಹಿಂದಿನ ಸಾಲಿನಿಂದ ಎಸೆಯುತ್ತೇವಲ್ಲ ಅಕ್ಷತೆ, ಮದುಮಕ್ಕಳ ಮುಖ ಕಾಣದಿದ್ದರೂ ನಡೆಯುತ್ತದೆ, ಮುಂದಿನವರ ತಲೆ ಮೇಲೆ ಬಿದ್ದರೂ ನಡೆಯುತ್ತದೆ, ನಮ್ಮ ವಿಮರ್ಶೆಯೂ ಅದೇ ಜಾತಿಯದು. ಆಶೀರ್ವಾದ ಬೇಡ ಅಂತಲ್ಲ. ಆದರೆ ಮೂರು ವರ್ಷ ಕೂತು ಚಿತ್ರ ಬರೆದ ಹುಡುಗಿಗೆ ಆಶೀರ್ವಾದದಿಂದ ಏನೂ ತಿಳಿಯುವುದಿಲ್ಲ.

"ಹಾಗಾದರೆ ಹೇಗೆ ಬರೀಬೇಕು?" ಅಂದರು ರಾಯರು.

ದಿದರೋ ಅಂತ ಒಬ್ಬ ಫ್ರೆಂಚ್ ಪಂಡಿತನಿದ್ದ ರಾಯರೇ, ಅಂದೆ. ಪ್ಯಾರಿಸಿನ ಲೂವ್ರ್ ಅರಮನೆಯಲ್ಲಿ ಆಗ ಎರಡು ವರ್ಷಕ್ಕೊಮ್ಮೆ ‘ಸಲೋನ್’ ಅನ್ನುವ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. 1759ರಿಂದ ಈತ ಅದರ ಬಗ್ಗೆ ಬರೆಯತೊಡಗಿದ. ಅಚ್ಚಾಗುವ ಪತ್ರಿಕೆಗಲ್ಲ. ಅವನ ಗೆಳೆಯ ಗ್ರಿಮ್ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದ, ನಕಲು ತೆಗೆಸಿ ದೂರದೂರದ ರಾಜರಾಣಿಯರಿಗೆ ಕಳಿಸುತ್ತಿದ್ದ. ರಷ್ಯದ ಕ್ಯಾಥರೀನ್ ರಾಣಿಯೂ ಒಬ್ಬ ಚಂದಾದಾರಳು. ಈಗ ಯೋಚನೆ ಮಾಡಿ. ಓದುವವರು ಪೀಟರ್ಸ್‌ಬರ್ಗಿನಲ್ಲಿ, ಚಿತ್ರ ಪ್ಯಾರಿಸಿನಲ್ಲಿ. ಫೋಟೋ ಹುಟ್ಟಿಲ್ಲ. ಹೀಗಿರುವಾಗ ‘ಮನಸೂರೆಗೊಂಡಿತು’ ಅಂತ ಬರೆದರೆ ರಾಣಿಗೆ ಏನು ಸಿಕ್ಕಿತು? ಎಡಗಡೆ ಯಾರು ನಿಂತಿದ್ದಾರೆ, ಬೆಳಕು ಎಲ್ಲಿಂದ ಬೀಳುತ್ತಿದೆ, ಮುದುಕನ ಕೈ ಎಲ್ಲಿದೆ, ಹುಡುಗಿ ಅತ್ತದ್ದು ಯಾಕಿರಬಹುದು, ಒಂದೊಂದನ್ನೂ ಹೇಳಲೇಬೇಕು. ಹೇಳಿದ. ಹೇಳುತ್ತಾ ಹೇಳುತ್ತಾ ಜಗಳವಾಡಿದ, ಬೈದ, ಕೆಲವು ಚಿತ್ರಗಳ ಒಳಗೇ ನಡೆದುಹೋದ. ಯುರೋಪಿನಲ್ಲಿ ಕಲಾವಿಮರ್ಶೆ ಬೇರೂರಿದ್ದು ಹೀಗೆ, ಕಾಣದವರಿಗೆ ಕಂಡದ್ದನ್ನು ತಿಳಿಸಿ. ಈಗ ಫೋನಿನಲ್ಲಿ ಒಂದು ಕ್ಷಣಕ್ಕೆ ಚಿತ್ರ ಹೋಗುತ್ತದೆ, ಅದಕ್ಕೇ ನಮಗೆ ಸೋಮಾರಿತನ. ಚಿತ್ರ ಕಳಿಸಿದ್ದೀವಲ್ಲ, ಇನ್ನು ಅನಂತದ ಬಗ್ಗೆ ಬರೆಯೋಣ ಅಂತ.

ಇನ್ನೊಂದು ಮಜಾ ಇದೆ. ಪ್ರಪಂಚದಲ್ಲಿ ಅತಿ ಹೆಸರಾದ ಪ್ರದರ್ಶನ ವಿಮರ್ಶೆ ಯಾವುದು ಅಂದರೆ, ಅದೂ ಒಂದು ಹರಟೆಯೇ! 1874ರಲ್ಲಿ ಮೋನೆ, ದೆಗಾ, ಪಿಸ್ಸಾರೊ ಮುಂತಾದವರೆಲ್ಲ ಸೇರಿ, ನಾದಾರ್ ಅನ್ನುವ ಫೋಟೋಗ್ರಾಫರನ ಹಳೆಯ ಸ್ಟುಡಿಯೋದಲ್ಲಿ ತಾವೇ ಒಂದು ಪ್ರದರ್ಶನ ಇಟ್ಟರು. ಲೂಯಿ ಲೆರ್ವಾ ಅನ್ನುವವನು ಒಂದು ಹಾಸ್ಯಪತ್ರಿಕೆಗೆ ಅದರ ವಿಮರ್ಶೆ ಬರೆದ. ಹೇಗೆ ಬರೆದ? ತಾನೂ ಒಬ್ಬ ಹಳೇ ಕಾಲದ ಚಿತ್ರಗಾರನೂ ಜೊತೆಯಾಗಿ ಪ್ರದರ್ಶನ ನೋಡಲು ಹೋದಂತೆ, ಕೋಣೆ ಕೋಣೆ ಸುತ್ತುತ್ತಾ ಮಾತಾಡಿದಂತೆ. ಮುದುಕನಿಗೆ ಒಂದೊಂದು ಚಿತ್ರ ನೋಡಿದಾಗಲೂ ತಲೆ ಇನ್ನಷ್ಟು ಕೆಡುತ್ತಾ ಹೋಗುತ್ತದೆ, ಕೊನೆಗೆ ಕಾವಲುಗಾರನನ್ನೇ ಚಿತ್ರ ಅಂದುಕೊಂಡು ವಿಮರ್ಶೆ ಮಾಡಲು ನಿಲ್ಲುತ್ತಾನೆ. ಮೋನೆಯ ಒಂದು ಬೆಳಗಿನ ಬಂದರಿನ ಚಿತ್ರದ ಹೆಸರಿನಲ್ಲಿ ‘ಇಂಪ್ರೆಶನ್’ ಅಂತಿತ್ತು. ಲೆರ್ವಾ ಅದನ್ನೇ ಹಿಡಿದು ಎಳೆದಾಡಿದ, ಆ ಗುಂಪಿಗೆ ‘ಇಂಪ್ರೆಶನಿಸ್ಟ್’ ಅನ್ನುವ ಹೆಸರೇ ಅಂಟಿಕೊಂಡಿತು. ಬೈಯಲು ಇಟ್ಟ ಹೆಸರು, ಅವರೇ ಹೆಮ್ಮೆಯಿಂದ ಹೊತ್ತು ತಿರುಗಿದರು.

"ಅಂದರೆ ಬೈದವನ ತೀರ್ಪು ತಪ್ಪಾಯಿತು," ಅಂದರು ರಾಯರು.

ತೀರ್ಪು ತಪ್ಪಾಯಿತು, ಕಣ್ಣು ತಪ್ಪಲಿಲ್ಲ. ಬಣ್ಣ ಬಿಡಿಬಿಡಿಯಾಗಿ ಬಳಿದಿದ್ದಾರೆ, ರಸ್ತೆಯಲ್ಲಿ ಹೋಗುವ ಜನ ಬರಿಯ ಕಪ್ಪು ಗೀರುಗಳಾಗಿದ್ದಾರೆ, ಚಿತ್ರ ಮುಗಿಸಿದ ಹಾಗೇ ಇಲ್ಲ. ಅವನು ದೂರಿದ್ದೆಲ್ಲ ಅಲ್ಲಿ ಇದ್ದದ್ದೇ. ಅವನಿಗೆ ಅದು ಸೇರಲಿಲ್ಲ, ಮುಂದಿನವರಿಗೆ ಅದೇ ಸೇರಿತು. ನೋಡಿ ಬೈದವನ ಬರಹವನ್ನು ನೂರೈವತ್ತು ವರ್ಷದ ಮೇಲೂ ಓದುತ್ತೇವೆ. ನೋಡದೆ ಹೊಗಳಿದವರನ್ನು ಯಾರು ಓದುತ್ತಾರೆ?

ಮಾತು ಇಲ್ಲಿಗೆ ಬರುವ ಹೊತ್ತಿಗೆ ಅಕ್ಕ ಬಟ್ಟೆ ಮುಗಿಸಿ ಕಾಂಪೌಂಡಿಗೆ ಬಂದಿದ್ದರು. "ಅದೆಲ್ಲ ಇರಲಿ, ಮೈಸೂರಿನ ದೀಪದ ಹುಡುಗಿ ವಿಷಯ ಹೇಳು ಇವರಿಗೆ. ನಾನು ಹೇಳಿದರೆ ನಂಬಲ್ಲ," ಅಂದರು.

ದೀಪದ ಹುಡುಗಿ ಅಂದರೆ ಜಗನ್ಮೋಹನ ಅರಮನೆಯ ಚಿತ್ರ. 1861ರಲ್ಲಿ ಕಟ್ಟಿದ, 1915ರಲ್ಲಿ ಚಿತ್ರಶಾಲೆಯಾದ ಆ ಅರಮನೆಗೆ ಶಾಲೆಯ ಟೂರಿನಲ್ಲಿ ಹೋಗದ ಮಕ್ಕಳು ನಮ್ಮ ಸೀಮೆಯಲ್ಲಿ ಕಡಿಮೆ. ಏನೇ ಮರೆತರೂ ಎರಡು ಮರೆಯುವುದಿಲ್ಲ: ಗಂಟೆ ಹೊಡೆಯುವಾಗ ಪುಟ್ಟ ಸಿಪಾಯಿಗಳು ಓಡಾಡುವ ಫ್ರೆಂಚ್ ಗಡಿಯಾರ, ಮತ್ತೆ ದೀಪಕ್ಕೆ ಕೈ ಅಡ್ಡ ಹಿಡಿದು ನಿಂತ ಈ ಹುಡುಗಿ. ಅವಳ ಮುಂದೆ ಯಾವಾಗ ಹೋದರೂ ಒಬ್ಬರಾದರೂ "ರವಿವರ್ಮ ಬರೆದದ್ದು" ಅನ್ನುತ್ತಿರುತ್ತಾರೆ. ಪಕ್ಕದಲ್ಲಿ ಹೆಸರಿದ್ದರೂ ಅನ್ನುತ್ತಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬರೆದದ್ದು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1945-46ರ ಹೊತ್ತಿಗೆ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅಪ್ಪನ ಚಿತ್ರದಲ್ಲಿ ನಿಂತದ್ದು ತಾವು, ಜನರ ಬಾಯಲ್ಲಿ ಹೆಸರು ರವಿವರ್ಮನದು. ಆಕೆಗೆ ಅದನ್ನು ಕೇಳಿ ಕೇಳಿ ಸಾಕಾಗಿರಬೇಕು.

ಜನರನ್ನು ಪೂರಾ ದೂರುವ ಹಾಗೂ ಇಲ್ಲ ಅನ್ನಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಲಕ್ಷ್ಮಿ ಸರಸ್ವತಿಯರ ಪಟ ಮನೆಮನೆಯ ಗೋಡೆ ಸೇರಿತು. ಸೀರೆಯುಟ್ಟ ಲಕ್ಷಣವಾದ ಹೆಣ್ಣಿನ ಚಿತ್ರ ಅಂದರೆ ಅದು ರವಿವರ್ಮನದೇ ಅಂತ ನಾವು ಮೂರು ತಲೆಮಾರಿನಿಂದ ನಂಬಿದ್ದೇವೆ. ಸಾಲದ್ದಕ್ಕೆ ಅವನ ಅಸಲಿ ಚಿತ್ರಗಳೂ ಅದೇ ಕಟ್ಟಡದಲ್ಲಿವೆ. ಅವನನ್ನು ಎಲ್ಲಿ ನಿಲ್ಲಿಸಬೇಕು ಅಂತ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದವರು ಅ.ನ. ಕೃಷ್ಣರಾಯರು. ಕಾದಂಬರಿಗಳ ರಾಶಿಯ ನಡುವೆ ಅದು ಯಾರ ನೆನಪಿಗೂ ಬರುವುದಿಲ್ಲ.

ರಾಯರು, ಅಕ್ಕ, ನಾನು ಮೂವರೂ ಒಮ್ಮೆ ಮೈಸೂರಿಗೆ ಹೋದಾಗ ಆ ಚಿತ್ರದ ಮುಂದೆ ನಿಂತಿದ್ದೆವು. ಬೆಳಕು ತಗ್ಗಿಸಿದ ಜಾಗ. ರಾಯರು ಮೊದಲು ಮಾಡಿದ ಕೆಲಸ, ಬಗ್ಗಿ ಚೌಕಟ್ಟಿನ ಪಕ್ಕ ಇಣುಕಿದ್ದು. ಹಿಂದೆ ಬಲ್ಬ್ ಇದೆಯಾ ಅಂತ. ವೈರ್ ಕಾಣದೆ ಸ್ವಲ್ಪ ಬೇಸರವಾಯಿತು. ಅಕ್ಕ ಮಾತ್ರ ದೀಪ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. "ಬೆರಳು ನೋಡ್ರೀ, ಒಳಗಿಂದ ಕೆಂಪಗಾಗಿದೆ. ಕರೆಂಟ್ ಹೋದಾಗ ಟಾರ್ಚಿಗೆ ಕೈ ಮುಚ್ಚಿದರೆ ಹೀಗೇ ಕಾಣೋದು. ಇವಳು ದೀಪಕ್ಕೆ ಗಾಳಿ ತಾಗಬಾರದು ಅಂತ ಕೈ ಹಿಡಿದಿದಾಳೆ, ಆ ಕೈಯೇ ಬೆಳಕನ್ನ ಮುಖಕ್ಕೆ ತಿರುಗಿಸಿದೆ."

ಇದು ಜಲವರ್ಣ ರಾಯರೇ, ತೈಲವರ್ಣ ಅಲ್ಲ, ಅಂದೆ. ಅವರಿಗೆ ಅದರಿಂದ ಏನೂ ಆಗಲಿಲ್ಲ. ಬಿಡಿಸಿ ಹೇಳಿದೆ. ಎಣ್ಣೆಬಣ್ಣದಲ್ಲಿ ಕಪ್ಪಿನ ಮೇಲೂ ಬಿಳಿ ಹಚ್ಚಬಹುದು, ಕೆಟ್ಟರೆ ಕೆರೆದು ಮತ್ತೆ ಬಳಿಯಬಹುದು. ಹಳೆಯ ಕ್ರಮದ ಜಲವರ್ಣದಲ್ಲಿ ಬಿಳಿ ಅಂತ ಬೇರೆ ಬಣ್ಣವಿಲ್ಲ, ಕಾಗದವೇ ಬಿಳಿ. ಎಲ್ಲಿ ಬೆಳಕು ಬೇಕೋ ಅಲ್ಲಿ ಮುಟ್ಟದೆ ಬಿಡಬೇಕು, ತೆಳುವಾದ ಪದರದ ಮೇಲೆ ಪದರ ಹಾಕುತ್ತಾ ಸುತ್ತಲಿನ ಕತ್ತಲನ್ನು ಕೂಡಿಸುತ್ತಾ ಹೋಗಬೇಕು. ಕೈ ಜಾರಿ ಬೆಳಕಿನ ಮೇಲೆ ಒಂದು ಹನಿ ಬಿದ್ದರೆ ಕತೆ ಮುಗಿಯಿತು.

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ಅಂದರೆ ಆಸಾಮಿ ಲೈಟ್ ಹಾಕೇ ಇಲ್ಲ. ಸುತ್ತಲೂ ಆರಿಸಿಕೊಂಡು ಬಂದಿದಾನೆ."

ಆ ಚಿತ್ರದ ಬಗ್ಗೆ ನಾನು ಕೇಳಿರುವ, ಓದಿರುವ ಮಾತುಗಳಲ್ಲೆಲ್ಲ ಇದಕ್ಕಿಂತ ಚೆನ್ನಾದ ವಿಮರ್ಶೆ ಇಲ್ಲ. ಅನಂತವೂ ಇಲ್ಲ ತುಮುಲವೂ ಇಲ್ಲ, ಕಣ್ಣಿಗೆ ಕಂಡದ್ದನ್ನು ತಮ್ಮ ಕಸುಬಿನ ಭಾಷೆಯಲ್ಲಿ ಹೇಳಿದ್ದಾರೆ. ಎಲ್ಲರಿಗೂ ಒಂದೊಂದು ಕಸುಬು ಇದೆಯಲ್ಲ. ದರ್ಜಿಗೆ ಸೀರೆಯ ನೆರಿಗೆ ಕಾಣುತ್ತದೆ, ವೈದ್ಯರಿಗೆ ಮೈಕಟ್ಟು, ಅಡಿಗೆಯವರಿಗೆ ಪಾತ್ರೆಯ ಗಾತ್ರ. ಮ್ಯೂಸಿಯಮ್ಮಿಗೆ ಹೋದೊಡನೆ ಇದನ್ನೆಲ್ಲ ಚಪ್ಪಲಿಯ ಜೊತೆ ಹೊರಗೆ ಬಿಟ್ಟು, ‘ನನಗೇನು ಗೊತ್ತಾಗುತ್ತೆ’ ಅಂತ ಕೈಕಟ್ಟಿ ನಡೆಯುತ್ತೇವೆ.

ಅವತ್ತಿನಿಂದ ರಾಯರಿಗೆ ಒಂದು ಹೊಸ ಚಟ ಹತ್ತಿತು, ಗ್ಯಾಲರಿಗಳ ಲೈಟಿಂಗ್ ತನಿಖೆ. "ಇಷ್ಟು ಮಬ್ಬು ಯಾಕೆ? ಬಿಲ್ ಕಟ್ಟೋಕೆ ದುಡ್ಡಿಲ್ವಾ?" ಅಂತ ಅವರ ಮೊದಲ ಆಕ್ಷೇಪಣೆ. ಅದಕ್ಕೂ ಒಂದು ಲೆಕ್ಕವಿದೆ. ಕಾಗದದ ಮೇಲಿನ ಚಿತ್ರ, ಜಲವರ್ಣ, ಹಳೆಯ ಬಟ್ಟೆ ಇಂಥವಕ್ಕೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು ಅಂತ ಮ್ಯೂಸಿಯಮ್ಮಿನವರು ಪಾಲಿಸಿಕೊಂಡು ಬಂದ ಮಿತಿ. ತೈಲವರ್ಣಕ್ಕಾದರೆ 200ರವರೆಗೆ. ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಮತ್ತೆ ಬರುವುದಿಲ್ಲ, ಇವತ್ತಿನದು ನಾಳಿನದಕ್ಕೆ ಕೂಡುತ್ತಲೇ ಹೋಗುತ್ತದೆ. ರಾಯರಿಗೆ ಇದು ತಕ್ಷಣ ತಲೆಗೆ ಹೋಯಿತು. "ಆಫೀಸಿನ ಮೇಜಿಗೆ ಮುನ್ನೂರರಿಂದ ಐನೂರು ಬೇಕು. ಐವತ್ತು ಅಂದರೆ ಚಿತ್ರ ಪಥ್ಯದಲ್ಲಿದೆ ಅನ್ನು," ಅಂದರು. ಒಳಗೆ ಹೋದ ಕೂಡಲೇ ಕತ್ತಲು ಅಂತ ಗೊಣಗಬಾರದು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬಿಡಬೇಕು ಅಂತ ಈಗ ಅವರೇ ಬೇರೆಯವರಿಗೆ ಹೇಳುತ್ತಾರೆ.

ಐದು ನಿಮಿಷ ಯಾರು ಬಿಡುತ್ತಾರೆ ಹೇಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಜನ ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಡಿಯಾರ ಹಿಡಿದು ಅಳೆದರು. 2001ರಲ್ಲಿ ಪ್ರಕಟವಾದ ಅಧ್ಯಯನ ಅದು. ಅರ್ಧಕ್ಕರ್ಧ ಜನ 17 ಸೆಕೆಂಡು ದಾಟಲಿಲ್ಲ. ಅದರಲ್ಲಿ ಪಕ್ಕದ ಚೀಟಿ ಓದುವುದೂ ಸೇರಿದೆ. "ಹದಿನೇಳು ಸೆಕೆಂಡಿನಲ್ಲಿ ಮೀಟರ್ ರೀಡಿಂಗೂ ಬರೆಯೋಕಾಗಲ್ಲ," ಅಂದರು ರಾಯರು. ಅದೇ ಊರಿನ ಇನ್ನೊಂದು ಕತೆ ಹೇಳಿದೆ. 1961ರಲ್ಲಿ ಅಲ್ಲಿನ ಆಧುನಿಕ ಕಲೆಯ ಮ್ಯೂಸಿಯಮ್ಮಿನಲ್ಲಿ ಮತೀಸನ ‘ದೋಣಿ’ ಅನ್ನುವ, ಕಾಗದ ಕತ್ತರಿಸಿ ಮಾಡಿದ ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಹಾಯಿ ಕೆಳಗೆ, ನೀರಿನಲ್ಲಿ ಬಿದ್ದ ಅದರ ನೆರಳು ಮೇಲೆ. 47 ದಿನ ಹಾಗೇ ಇತ್ತು. ಲಕ್ಷಕ್ಕೂ ಹೆಚ್ಚು ಜನ ಅದರ ಮುಂದೆ ಹಾದುಹೋದರು. ಪಂಡಿತರಿದ್ದರು, ಕಲಾವಿದರಿದ್ದರು. ಕೊನೆಗೆ ಇದು ಉಲ್ಟಾ ಇದೆ ಅಂದವಳು ಷೇರುಪೇಟೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಕಾವಲುಗಾರನಿಗೆ ಹೇಳಿದಳು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಪತ್ರಿಕೆಗೆ ತಿಳಿಸಿದಳು, ಆಮೇಲೆ ಸರಿಮಾಡಿದರು. ಅಕ್ಕ ಇದನ್ನು ಕೇಳಿ ನಕ್ಕದ್ದು ನಕ್ಕದ್ದೇ. "ಲಕ್ಷ ಜನಕ್ಕೂ ಅನ್ನಿಸಿರುತ್ತೆ ಕಣೆ. ಕೇಳಿದರೆ ಎಲ್ಲಿ ದಡ್ಡರು ಅಂದ್ಕೋತಾರೋ ಅಂತ ಸುಮ್ಮನೆ ಬಂದಿರ್ತಾರೆ."

ಕಾವಲುಗಾರ ಅಂದೆನಲ್ಲ, ಆ ಜನರ ಮೇಲೆ ನನಗೆ ವಿಶೇಷ ಗೌರವ. ಒಂದೇ ಚಿತ್ರವನ್ನು ದಿನಗಟ್ಟಲೆ ನೋಡುವವರು ಪ್ರಪಂಚದಲ್ಲಿ ಅವರೊಬ್ಬರೇ. ಅಮೆರಿಕದ ಬಾಲ್ಟಿಮೋರ್ ಮ್ಯೂಸಿಯಮ್ಮಿನವರು 2022ರಲ್ಲಿ ತಮ್ಮ 17 ಮಂದಿ ಕಾವಲುಗಾರರಿಗೇ ಒಂದು ಪ್ರದರ್ಶನ ಕಟ್ಟಲು ಬಿಟ್ಟಿದ್ದರು, ಯಾವ ಚಿತ್ರ ಇಡಬೇಕು ಅಂತ ಅವರೇ ಆರಿಸಿದರು. ನಮ್ಮಲ್ಲಿ ಅವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, "ಮುಟ್ಟಬೇಡಿ" ಅನ್ನುವ ಒಂದು ಡೈಲಾಗು. ನಾನು ಯಾವ ಗ್ಯಾಲರಿಗೆ ಹೋದರೂ ಅವರ ಹತ್ತಿರ "ಜನ ಯಾವುದರ ಮುಂದೆ ಜಾಸ್ತಿ ನಿಲ್ತಾರೆ?" ಅಂತ ಕೇಳುತ್ತೇನೆ. ಉತ್ತರ ಸಿಗದೇ ಇರುವುದಿಲ್ಲ. ಕ್ಯುರೇಟರನ ಟಿಪ್ಪಣಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ.

ಬೆಂಗಳೂರಿನಲ್ಲಿ ಇದ್ದೂ ಗ್ಯಾಲರಿ ನೋಡಲಿಲ್ಲ ಅನ್ನುವವರಿಗೆ ನೆಪವೇ ಇಲ್ಲ. ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಬಂಗಲೆ, 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಒಳಗಿನ ಚಿತ್ರ ಸೇರದಿದ್ದರೆ ಹೊರಗಿನ ಮರಗಳ ಕೆಳಗೆ ಕೂತರೂ ಟಿಕೆಟ್ಟಿನ ದುಡ್ಡು ಬಂತು. ಸೋಮವಾರ ಮಾತ್ರ ಹೋಗಬೇಡಿ, ರಜ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ‘ಮ್ಯಾಪ್’ ಮ್ಯೂಸಿಯಂ ಇದೆ. ಐದಂತಸ್ತು, ಮೈತುಂಬ ಸ್ಟೇನ್‌ಲೆಸ್ ಸ್ಟೀಲಿನ ಹಲಗೆ. ಅದನ್ನು ಮೊದಲ ಸಲ ನೋಡಿದ ರಾಯರು "ಇದೇನು, ಓವರ್‌ಹೆಡ್ ಟ್ಯಾಂಕ್ ಇದ್ದಂಗಿದೆ" ಅಂದರು. ಪಕ್ಕದಲ್ಲಿದ್ದ ಒಬ್ಬ ಹುಡುಗ ಮುಖ ಗಂಟಿಕ್ಕಿದ. ಕಟ್ಟಡದ ವಿನ್ಯಾಸಕಾರರ ಮನಸ್ಸಿನಲ್ಲಿದ್ದದ್ದು ನೀರಿನ ಟ್ಯಾಂಕೇ! ನಮ್ಮ ರಾಯರು ವಿಮರ್ಶೆ ಮಾಡಿದ್ದರು, ಹುಡುಗ ಅದನ್ನು ಬೈಗುಳ ಅಂದುಕೊಂಡ.

ಅದೇ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಮೇಲೆ ಬೆಂಗಳೂರಿನ ಚಿತ್ರಗಾರರಿಗೆ ತಾಯಿಮನೆಯ ಪ್ರೀತಿ. ಕಡಿಮೆ ಬಾಡಿಗೆಗೆ ಗೋಡೆ ಸಿಗುವ ಜಾಗ, ಎಷ್ಟೋ ಜನರ ಮೊದಲ ಏಕವ್ಯಕ್ತಿ ಪ್ರದರ್ಶನ ಆದದ್ದು ಅಲ್ಲೇ. ಅದನ್ನು ಖಾಸಗಿಯವರ ಕೈಗೆ ಒಪ್ಪಿಸುವ ಮಾತು ಬಂದಾಗ, 2016ರಲ್ಲಿ, ಕಲಾವಿದರು ಬೀದಿಗಿಳಿದು ಹಾಡಿ ಕುಣಿದು ಚಿತ್ರ ಬರೆದು ಪ್ರತಿಭಟಿಸಿದ್ದರು. ಹೆಸರಿನ ವೆಂಕಟಪ್ಪನವರು (1886–1965) ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತವರು, ಜೊತೆಗೆ ವೀಣೆ ಶೇಷಣ್ಣನವರಲ್ಲಿ ವೀಣೆ. ಅವರ ಊಟಿಯ ಜಲವರ್ಣಗಳನ್ನು ನೋಡುವಾಗ ರಾಯರ ಸೂತ್ರ ಮತ್ತೆ ಕೆಲಸಕ್ಕೆ ಬರುತ್ತದೆ, ಬೆಟ್ಟದ ಮೇಲಿನ ಬೆಳಕಿಗೆ ಕಾಗದ ಎಲ್ಲಿ ಉಳಿದಿದೆ ಅಂತ ಹುಡುಕುತ್ತಾ ಹೋಗಬಹುದು. ಕಟ್ಟಾ ಶಿಸ್ತಿನ ಮನುಷ್ಯ. ಅರಮನೆಗೆ ಮಾಡಿಕೊಡಬೇಕಾಗಿದ್ದ ಉಬ್ಬುಶಿಲ್ಪಗಳ ವಿಷಯದಲ್ಲಿ ಅರಮನೆಯ ಮೇಲೇ ಕೋರ್ಟಿಗೆ ಹೋದವರು.

ಕೋರ್ಟು ಅಂದಾಗ ರಾಯರ ಕಿವಿ ನೆಟ್ಟಗಾಯಿತು. "ಚೆನ್ನಾಗಿಲ್ಲ ಅಂತ ಬರೆದರೆ ನಿನ್ನ ಮೇಲೂ ಕೇಸ್ ಹಾಕ್ತಾರಾ?"

ಹಾಕಿದವರಿದ್ದಾರೆ. 1877ರಲ್ಲಿ ಲಂಡನ್ನಿನ ಒಂದು ಗ್ಯಾಲರಿಯಲ್ಲಿ ವಿಸ್ಲರ್ ಅನ್ನುವವನ ಚಿತ್ರ ನೋಡಿ ರಸ್ಕಿನ್ ಅನ್ನುವ ವಿಮರ್ಶಕ ಸಿಟ್ಟಾದ. ರಾತ್ರಿಯ ಕಪ್ಪಿನಲ್ಲಿ ಬಾಣಬಿರುಸಿನ ಕಿಡಿ ಉದುರುವ ಚಿತ್ರ, ಬೆಲೆ ಇನ್ನೂರು ಗಿನಿ. ಬಣ್ಣದ ಡಬ್ಬಿಯನ್ನು ಜನರ ಮುಖಕ್ಕೆ ಎರಚಿ ಇಷ್ಟು ದುಡ್ಡು ಕೇಳುತ್ತಾನಲ್ಲ ಅನ್ನುವ ಧಾಟಿಯಲ್ಲಿ ಬರೆದ. ವಿಸ್ಲರ್ ಮಾನನಷ್ಟದ ದಾವೆ ಹೂಡಿದ. ಎರಡು ದಿನದ ಕೆಲಸಕ್ಕೆ ಇನ್ನೂರು ಗಿನಿಯೇ ಅಂತ ವಕೀಲ ಕೇಳಿದ್ದಕ್ಕೆ, ಇಲ್ಲ, ಜೀವಮಾನವಿಡೀ ಕಲಿತದ್ದಕ್ಕೆ ಅಂದ. 1878ರಲ್ಲಿ ಗೆದ್ದ. ಪರಿಹಾರ ಎಷ್ಟು? ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ತನ್ನ ಪಾಲಿನ ಖರ್ಚು ತಾನೇ ಹೊರಬೇಕಾಯಿತು, ಮರುವರ್ಷ ದಿವಾಳಿಯಾದ. ರಸ್ಕಿನ್ ದೊಡ್ಡವನೇ ಇರಬಹುದು, ಆದರೆ ಅವತ್ತು ಅವನ ಕಣ್ಣಿಗೆ ಬಿದ್ದದ್ದು ಬೆಲೆಯ ಚೀಟಿ, ಬಾಣಬಿರುಸಲ್ಲ ಅಂತಲೇ ನನ್ನ ಲೆಕ್ಕ.

ಹಾಗಂತ ಬೆಲೆ ಕೇಳಬಾರದು ಅಂತಲ್ಲ, ಧಾರಾಳವಾಗಿ ಕೇಳಿ. ಚಿತ್ರದ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಅಂತ ಅರ್ಥ. ಕೆಲವು ಗ್ಯಾಲರಿಗಳಲ್ಲಿ ಬೆಲೆ ಕೇಳಿದರೆ ನಿಮ್ಮ ಚಪ್ಪಲಿ ನೋಡಿ ಉತ್ತರ ಕೊಡುತ್ತಾರೆ. ಈ ಸಂಕೋಚ ಇಲ್ಲದ ಜಾಗ ಅಂದರೆ ಚಿತ್ರಸಂತೆ. ಚಿತ್ರಕಲಾ ಪರಿಷತ್ತಿನವರು 2003ರಿಂದ ವರ್ಷದ ಆರಂಭದಲ್ಲಿ ಕುಮಾರಕೃಪಾ ರಸ್ತೆಗೆ ವಾಹನ ಬಿಡದೆ ನಡೆಸುವ ಜಾತ್ರೆ ಅದು. ನೂರು ರೂಪಾಯಿಗೂ ಚಿತ್ರ ಸಿಗುತ್ತದೆ, ಲಕ್ಷಕ್ಕೂ ಸಿಗುತ್ತದೆ, ಬರೆದವರು ಪಕ್ಕದಲ್ಲೇ ಬುತ್ತಿ ಬಿಚ್ಚಿಕೊಂಡು ಕೂತಿರುತ್ತಾರೆ. ತಳ್ಳಾಟ, ಧೂಳು, ಜೋಳದ ವಾಸನೆ. ನಿಧಾನವಾಗಿ ನೋಡುವ ಜಾಗ ಅದಲ್ಲ, ಒಪ್ಪುತ್ತೇನೆ. ಆದರೆ "ಈ ಎಮ್ಮೆಗೆ ಕೊಂಬು ಯಾಕೆ ನೀಲಿ?" ಅಂತ ಬರೆದವನನ್ನೇ ಕೇಳಬಹುದು, ಅವನು ಉತ್ತರ ಹೇಳುತ್ತಾನೆ. ಪರಿಷತ್ತಿನ ಒಳಗೆ ರೋರಿಕ್‌ರ ಹಿಮಾಲಯದ ಚಿತ್ರಗಳು ಅದೇ ಹೊತ್ತಿಗೆ ಭಣಗುಟ್ಟುತ್ತಿರುತ್ತವೆ. ಜಾಣರು ಮೊದಲು ಅಲ್ಲಿಗೆ ಹೋಗುತ್ತಾರೆ.

ಮೊನ್ನೆ ಭಾನುವಾರ ಇಬ್ಬರನ್ನೂ ಒಬ್ಬ ಹೊಸಬನ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಉದ್ಘಾಟನೆ ಮುಗಿದು ಬೋಂಡ ನಡೆಯುತ್ತಿತ್ತು. ರಾಯರು ಬೋಂಡ ಬಿಟ್ಟು ಅಭಿಪ್ರಾಯದ ಪುಸ್ತಕದ ಮುಂದೆ ಕೂತರು. ಮೇಲಿನ ಸಾಲುಗಳಲ್ಲೆಲ್ಲ ಶುಭವಾಗಲಿ, ಶುಭವಾಗಲಿ. ಕೆಳಗೆ ಇವರು ನಂಬರ್ ಹಾಕಿ ಬರೆದರು: "1. ಬಾಗಿಲ ಎಡಗಡೆ ಚಿತ್ರದ ಗಾಜಿನಲ್ಲಿ ಟ್ಯೂಬ್‌ಲೈಟ್ ಕಾಣುತ್ತಿದೆ, ಚಿತ್ರ ಕಾಣುತ್ತಿಲ್ಲ. ಲೈಟು ಒಂದಡಿ ಸರಿಸಿ. 2. ಬಾವಿಕಟ್ಟೆ ಚಿತ್ರದಲ್ಲಿ ಬಿಸಿಲು ಬಲದಿಂದ ಬಂದಿದೆ, ಕೊಡದ ನೆರಳೂ ಬಲಕ್ಕೇ ಬಿದ್ದಿದೆ. ಯಾಕೆ? 3. ಕುಳಿತ ಮುದುಕಿಯ ಚಿತ್ರ ಬಿಟ್ಟು ಬರಲು ಮನಸ್ಸಾಗಲಿಲ್ಲ. ನಮ್ಮ ಮನೆಯವಳು ಅವಳ ಕಾಲುಂಗುರ ಸವೆದಿರುವುದನ್ನು ತೋರಿಸಿದಳು."

ಬರೆದು ಸಹಿ ಹಾಕಿ, ಅಭ್ಯಾಸಬಲದಿಂದ ಕೆಳಗೆ ದಿನಾಂಕ, ಸಮಯ ಎರಡೂ ನಮೂದಿಸಿದರು. ಹಿಂದೆ ನಿಂತು ಓದುತ್ತಿದ್ದ ಹುಡುಗನನ್ನು ನಾನು ಆಮೇಲೆ ಗಮನಿಸಿದೆ. ಚಿತ್ರಗಾರನೇ ಅವನು, ಕೊರಳಿನಲ್ಲಿ ಇನ್ನೂ ಹಾರದ ಗುಲಾಬಿ ಎಸಳು ಅಂಟಿಕೊಂಡಿತ್ತು.

"ಸಾರ್, ಆ ಕೊಡದ ನೆರಳು ಬಿಸಿಲಿಂದಲ್ಲ, ಎದುರುಗಡೆ ಸುಣ್ಣದ ಗೋಡೆಯಿಂದ ವಾಪಸ್ ಬಂದ ಬೆಳಕಿಂದು," ಅಂದ.

"ಗೋಡೆಯಿಂದ ಬಂದ ಬೆಳಕಿಗೆ ಅಷ್ಟು ಗಾಢ ನೆರಳು ಬೀಳಲ್ಲಪ್ಪ. ಬಾ, ತೋರಿಸು," ಅಂತ ರಾಯರು ಎದ್ದರು.

ಇಬ್ಬರೂ ಬಾವಿಕಟ್ಟೆಯ ಮುಂದೆ ಹೋಗಿ ನಿಂತರು. ಮುಖ್ಯ ಅತಿಥಿಗಳು ಹೊರಡುತ್ತಿದ್ದಾರೆ, ಕಾರಿನ ತನಕ ಬಾ ಅಂತ ಯಾರೋ ಹುಡುಗನನ್ನು ಕರೆದರು. "ಬಂದೆ, ಒಂದ್ನಿಮಿಷ" ಅಂದವನು ಅಲ್ಲಾಡಲಿಲ್ಲ. ರಾಯರು ಫೋನಿನ ಟಾರ್ಚ್ ಹಚ್ಚಿ ಗೋಡೆಗೆ ಹಿಡಿದಿದ್ದರು, ಹುಡುಗ ತನ್ನ ಟೀ ಲೋಟವನ್ನು ಕೊಡದ ಬದಲಿಗೆ ಮೇಜಿನ ಮೇಲೆ ಇಟ್ಟು ಅದರ ನೆರಳು ಎಲ್ಲಿ ಬೀಳುತ್ತದೆ ಅಂತ ಬಗ್ಗಿ ನೋಡುತ್ತಿದ್ದ. ಕಾವಲುಗಾರನೂ ಕುರ್ಚಿ ಬಿಟ್ಟು ಎದ್ದು ಬಂದು, "ಮಧ್ಯಾಹ್ನ ಮೂರು ಗಂಟೆಗೆ ಕಿಟಕಿ ಬಿಸಿಲು ಬಿದ್ದಾಗ ಈ ಚಿತ್ರ ಬೇರೆ ಥರಾನೇ ಕಾಣುತ್ತೆ ಸಾರ್" ಅಂತ ಶುರುಮಾಡಿದ.

ಅಕ್ಕ ನನ್ನ ಕೈಗೆ ಒಂದು ಬೋಂಡ ಕೊಟ್ಟು ಕುರ್ಚಿ ಎಳೆದುಕೊಂಡರು. "ಇದು ಈಗ ಮುಗಿಯೋದಲ್ಲ, ಕೂತ್ಕೋ," ಅಂದರು.